ಬಹುದು

ಸೇಡಂ ರಸ್ತೆಯ ಕಾಲೇಜಿನ ಹಿಂದೆ
ತಗಡಿನ ಮಾಡಿನ ಇಲಿಮನೆ.
ಏಳು ಗಂಟೆಗೇ ಕಾದಿರುತ್ತದೆ ಕಲಬುರಗಿಯ ಬಿಸಿಲು.
ಚಾಂದಬಿ ಪಂಜರದ ಹೊಟ್ಟು ಬದಲಿಸುತ್ತಾಳೆ,
ನಾನು ತೂಕ ಬರೆಯುತ್ತೇನೆ:
ಇನ್ನೂರ ಎಂಬತ್ತು ಗ್ರಾಂ, ಗಂಡು.
ಇನ್ನೂರ ಹತ್ತು, ಹೆಣ್ಣು.

ಮೂಲೆಯಲ್ಲಿ ತೊಗರಿ ಎಲೆಯ ಚೀಲ.
ಬೇಳೆ ಮಿಲ್ಲಿಗೆ ಹೋಯಿತು, ಕಟಗಿ ಒಲೆಗೆ,
ಎಲೆಯನ್ನು ಕೇಳುವವರು ಆಡು ಬಿಟ್ಟರೆ ನಾನೊಬ್ಬಳೇ.
"ಒಯ್ದು ಏನ್ ಮಾಡ್ತೀರಿ ಅಕ್ಕೋರೆ, ಸಾರೇನು?"
ಫರಹತಾಬಾದಿನ ಹೊಲದವನು ನಕ್ಕಿದ್ದ.
ನೆರಳಲ್ಲಿ ಒಣಗಿಸಿ, ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ,
ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ,
ಹನ್ನೆರಡು ಕಿಲೋ ಎಲೆಗೆ ಕಡೆಗೆ ಉಳಿದದ್ದು
ಹಳದಿಯೂ ಅಲ್ಲದ ಬಿಳಿಯೂ ಅಲ್ಲದ ಒಂದು ಚಿಟಿಕೆ.
ಸೀನಿದರೆ ಮೂರು ತಿಂಗಳು ಹಾರಿಹೋಗುತ್ತವೆ.

ಅರಿವಳಿಕೆ ಕೊಟ್ಟು, ತೊಡೆಯ ನಾಳದಿಂದ
ರಕ್ತ ತೆಗೆಯುತ್ತೇನೆ, ಒತ್ತಡ ನಲವತ್ತಕ್ಕೆ ಇಳಿಯುವತನಕ.
ತೊಂಬತ್ತು ನಿಮಿಷ ಹಾಗೇ ಇಡಬೇಕು.
ಆಮೇಲೆ ಚಿಟಿಕೆಯಲ್ಲೊಂದು ಪಾಲು,
ಆಮೇಲೆ ತೆಗೆದ ರಕ್ತ ಮರಳಿ.

ತೊಂಬತ್ತು ನಿಮಿಷ ಎಷ್ಟುದ್ದವೆಂದು
ನನಗಿಂತ ಚಾಂದಬಿಗೆ ಗೊತ್ತು.
ಶಹಾಬಾದಿನ ಖಣಿಯಿಂದ ದೊಡ್ಡಾಸ್ಪತ್ರೆಗೆ,
ಫರಸಿ ಹೇರುವ ಟೆಂಪೋದಲ್ಲಿ,
ಫರಸಿಯ ಹಾಗೇ ಗಂಡನನ್ನು ಹೇರಿಕೊಂಡು.
ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು.
ಸಿಮೆಂಟಿನ ಡಬ್ಬಿ ಐವತ್ತೆಂಟು, ಎಣಿಸಿದಳಂತೆ.
ತೊಡೆಗೆ ಬಿಗಿದ ಸೆರಗು
ತೊಯ್ದು, ಒಗೆಯುವ ಬಟ್ಟೆಯಷ್ಟು ಭಾರವಾಗಿತ್ತಂತೆ.

ಲಾಡ್ಲೇಸಾಬ ರಕ್ತ ಹೋಗಿ ಸಾಯಲಿಲ್ಲ.
ನಾಲ್ಕು ಬಾಟಲಿ ಏರಿಸಿದರು, ನಾಡಿ ಬಂತು.
ಕಣ್ಣು ಬಿಟ್ಟು, "ಟೆಂಪೋದವಗ ರೊಕ್ಕ ಕೊಟ್ಟಿ?" ಅಂದ.
ಮೂರನೇ ದಿನ ಮೂತ್ರ ನಿಂತಿತು.
ನಾಲ್ಕಕ್ಕೆ ಕಣ್ಣು ಹಳದಿ.
ಐದಕ್ಕೆ ಉಸಿರು ಯಂತ್ರದ್ದು,
ಆರಕ್ಕೆ ಅದೂ ಅಲ್ಲ.
"ಗಾಯ ಆಗಿದ್ದು ತೊಡಿಗಿ,
ಕಿಡ್ನಿ ಯಾಕ ಕೆಟ್ಟಿತು ಬಾಯಿ?"

ಹೇಳಿದೆ, ನನಗೆ ಬಂದ ಹಾಗೆ:
ದಿನವೆಲ್ಲ ಬರಿದಾದ ಹೊಟ್ಟೆಗೆ
ಒಮ್ಮೆಲೇ ಉಣ್ಣಿಸಿದರೆ ಕರುಳು ತಿರುಚುತ್ತದಲ್ಲ,
ಒಳಗಿನ ಅಂಗಗಳೂ ಹಾಗೆ.
ರಕ್ತ ಮರಳಿ ಬಂದ ಹೊತ್ತಿಗೇ ಅಲ್ಲಿ ಕಿಚ್ಚು ಹತ್ತುತ್ತದೆ.
ಕೇಳಿದಳು. ಪಂಜರದ ಚಿಲಕ ಹಾಕಿದಳು.
"ಅಂದ್ರ ಖರ್ಜೂರ ಇಲ್ದೇ
ರೋಜಾ ಬಿಡಸ್ಯಾರ ಅವಗ."

ಇನ್ನೊಂದು ದಿನ ಹೇಳಿದೆ:
ಹೆಣ್ಣಿಲಿಗಳು ಹೆಚ್ಚು ಉಳಿಯುತ್ತವೆ,
ಬೆದೆಯ ದಿನಗಳಲ್ಲಿ ಇನ್ನೂ ಹೆಚ್ಚು.
ಅವುಗಳ ಮೈಯಲ್ಲಿ ಹರಿಯುವುದಕ್ಕೂ
ತೊಗರಿ ಎಲೆಯ ಈ ಪುಡಿಗೂ ಚಹರೆ ಒಂದೇ,
ದೊಡ್ಡಮ್ಮನ ಮಗಳ ಮೂಗು ನಮ್ಮ ಮೂಗಿನ ಹಾಗಿರುವಂತೆ.
ಅವಳು ನಕ್ಕಳು, ಬಾಯಿಗೆ ಕೈ ಅಡ್ಡ ಬರುವ ಮೊದಲೇ;
ಇಲಿಗಳೆಲ್ಲ ಮೂಲೆಗೆ ಓಡಿದವು.
"ಗಂಡಸರಿಗಿ ಒಂದೀಟು ಹೆಣ್ತನ ಕುಡಸ್ತೀನಿ ಅನ್ರಿ!
ತಿಂಗಳಾ ರಕ್ತ ಹೋಗಿ ಹೋಗಿ
ನಮಗ ರೂಢಿ ಆಗ್ಯಾದ."
ಇಲಿಗೆ ಮುಟ್ಟಿಲ್ಲ ಎಂದು ನಾನು ತಿದ್ದಲಿಲ್ಲ.

ತೊಗರಿ ಮೇಳದ ಕರಪತ್ರಕ್ಕೆ
ಕನ್ನಡದಲ್ಲಿ ನಾಲ್ಕು ಸಾಲು ಬೇಕಿತ್ತು.
"ಅಂಗಗಳನ್ನು ಕಾಪಾಡುತ್ತದೆ" ಎಂದು ಬರೆದೆ.
ಪಸ್ತಾಪುರ ಸರ್ ಕೆಂಪು ಶಾಯಿಯಲ್ಲಿ
ಬಾಲ ಕತ್ತರಿಸಿ 'ಬಹುದು' ಅಂಟಿಸಿದರು.
ಹದಿನಾರು ಇಲಿ, ಅದರಲ್ಲಿ ಐದು ಸತ್ತಿವೆ.
ಮನುಷ್ಯ ಇನ್ನೂ ಬಹಳ ದೂರ.
ಸರಿಯೇ. ನಾನಾದರೂ ಹಾಗೇ ಮಾಡುತ್ತಿದ್ದೆ.

ಓದಿ ಹೇಳೆಂದಳು ಚಾಂದಬಿ. ಓದಿದೆ.
"ಬಹುದು ಅಂದ್ರ ಹೌದೋ, ಅಲ್ಲೋ?"
ವ್ಯಾಕರಣ ಗೊತ್ತಿತ್ತು ನನಗೆ,
ಉತ್ತರ ಗೊತ್ತಿರಲಿಲ್ಲ.
ಕರಪತ್ರವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದೆ.

ಅವಳು ಹನ್ನೊಂದನೇ ಪಂಜರಕ್ಕೆ ಕೈ ಹಾಕಿದಳು.
ಗಂಡು, ಮೊನ್ನೆಯದು,
ಹೊಲಿಗೆ ಇನ್ನೂ ಕಪ್ಪಗಿದೆ.
ಅಂಗೈ ಮೇಲೆ ಎತ್ತಿಕೊಂಡಳು,
ಅದು ಮೂಸಿತು, ನಡುಗಿತು,
ಆಮೇಲೆ ಅವಳ ಕೈಯನ್ನೆಲ್ಲ ಒದ್ದೆ ಮಾಡಿತು.

ಒರೆಸಿಕೊಳ್ಳಲಿಲ್ಲ ಚಾಂದಬಿ.
ಹನಿ ಬೀಳದಂತೆ ಬೆರಳು ಕೂಡಿಸಿ
ಕೈಯನ್ನು ನನ್ನ ಮುಂದೆ ಹಿಡಿದಳು.
"ಉಚ್ಚಿ ಹೊಯ್ದದ ನೋಡ್ರಿ.
ಬರಕೋರಿ."